ಪರವಾಗಿಲ್ಲ ಅಂದರೆ ಎಷ್ಟು?

ಮಂಗಳವಾರ ರಾತ್ರಿ ಎಂಟು ಗಂಟೆ ಆಯ್ತು ಅಂದರೆ ನನ್ನ ಫೋನ್ ಟಿಣ್ ಅನ್ನುತ್ತಿತ್ತು. ಆಸ್ಪತ್ರೆಯಿಂದ ಒಂದು ಲಿಂಕ್. ಒತ್ತಿದರೆ ಹದಿನೈದು ಹದಿನಾರು ಪ್ರಶ್ನೆಗಳು. ಓಕರಿಕೆ ಎಷ್ಟಿತ್ತು, ವಾಂತಿ ಎಷ್ಟು ಸಲ ಆಯಿತು, ಭೇದಿ, ಬಾಯಿಹುಣ್ಣು, ಸುಸ್ತು, ನೋವು, ನಿದ್ದೆ, ಕೈಕಾಲು ಜೋಮು, ಮನಸ್ಸಿಗೆ ಬೇಜಾರು. ಹೆಚ್ಚಿನವಕ್ಕೆ ಐದು ಉತ್ತರ: ಇಲ್ಲ, ಸ್ವಲ್ಪ, ಮಧ್ಯಮ, ತೀವ್ರ, ಅತಿ ತೀವ್ರ. ಒಂದನ್ನು ಒತ್ತಬೇಕು, ಮುಂದಕ್ಕೆ ಹೋಗಬೇಕು. ಐದು ನಿಮಿಷದ ಕೆಲಸ. ಈ ಐದು ನಿಮಿಷದ ಕೆಲಸವನ್ನು ಸರಿಯಾಗಿ ಮಾಡೋಕೆ ಕಲಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು ಅಂದರೆ ನಂಬುತ್ತೀರಾ? ಅದೂ ಜೀವನವಿಡೀ ಲೆಕ್ಕಪತ್ರ ಬರೆದವನಿಗೆ.

ನನಗೆ ಆಗಿದ್ದು ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಕೀಮೋ ಶುರುವಾಯಿತು. ಫಾಲ್‌ಫಾಕ್ಸ್ ಅನ್ನೋ ಕ್ರಮ, ಎರಡು ವಾರಕ್ಕೊಂದು ಸಲ, ಒಟ್ಟು 12 ಸೈಕಲ್. ಗುರುವಾರ ಹೋಗಿ ಕುರ್ಚಿಯಲ್ಲಿ ಕೂತರೆ ಮೊದಲು ಆಕ್ಸಾಲಿಪ್ಲಾಟಿನ್, ಆಮೇಲೆ 5-ಎಫ್‌ಯು. ಈ ಎರಡನೆಯದನ್ನು ಸೊಂಟಕ್ಕೆ ಕಟ್ಟಿದ ಸಣ್ಣ ಪಂಪ್‌ನಲ್ಲಿ ತುಂಬಿ ಮನೆಗೆ ಕಳಿಸುತ್ತಾರೆ. 46 ಗಂಟೆ ಅದು ಎದೆಯ ಪೋರ್ಟ್ (ಚರ್ಮದ ಕೆಳಗೆ ಕೂರಿಸಿದ, ರಕ್ತನಾಳಕ್ಕೆ ಸೇರುವ ಸಣ್ಣ ಡಬ್ಬಿ) ಮೂಲಕ ನಿಧಾನವಾಗಿ ಒಳಗೆ ಹೋಗುತ್ತಾ ಇರುತ್ತದೆ. ಶನಿವಾರ ಹೋಗಿ ಬಿಚ್ಚಿಸಿಕೊಂಡು ಬರೋದು. ಮುಂದಿನ ಹನ್ನೆರಡು ದಿನ ನಾವುಂಟು, ನಮ್ಮ ದೇಹ ಉಂಟು. ಆ ಹನ್ನೆರಡು ದಿನದಲ್ಲಿ ಏನೇನಾಗುತ್ತದೆ ಅಂತ ಆಸ್ಪತ್ರೆಗೆ ಗೊತ್ತಾಗಬೇಕಾದರೆ ನಾವೇ ಹೇಳಬೇಕು.

ಮೊದಲ ಸೈಕಲ್‌ನಲ್ಲಿ ನನಗೆ ಈ ಫಾರ್ಮ್ ಇರಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರ್ ಕೇಳಿದರು, "ಹೇಗಿದ್ದೀರಿ?"

"ಪರವಾಗಿಲ್ಲ ಡಾಕ್ಟ್ರೇ."

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಹಿಂದಿನ ವಾರ ನಾಲ್ಕು ದಿನ ನಾನು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಊಟದ ವಾಸನೆ ಬಂದರೆ ಬಾಗಿಲು ಹಾಕಿಸುತ್ತಿದ್ದೆ. ಆದರೆ ಆ ಗುರುವಾರ ಬೆಳಿಗ್ಗೆ ನಿಜವಾಗಿಯೂ ಚೆನ್ನಾಗಿದ್ದೆ, ಅದಕ್ಕೇ ಪರವಾಗಿಲ್ಲ ಅಂದೆ. ಸುಳ್ಳು ಹೇಳಿದೆ ಅಂತ ಅನ್ನಿಸಲೇ ಇಲ್ಲ. ನಮ್ಮ ಈ ‘ಪರವಾಗಿಲ್ಲ’ ಇದೆಯಲ್ಲ, ಅದು ಎಲ್ಲಿಗೆ ಬೇಕಾದರೂ ಹೊಂದುತ್ತದೆ. ಯಾರಾದರೂ ಕಾಲು ತುಳಿದರೂ ಪರವಾಗಿಲ್ಲ, ಸಾಲ ವಾಪಸ್ ಕೊಡದಿದ್ದರೂ ಪರವಾಗಿಲ್ಲ, ಕರುಳು ಬಾಯಿಗೆ ಬಂದರೂ ಪರವಾಗಿಲ್ಲ. ಡಾಕ್ಟರ್ ಅದನ್ನೇ ಬರೆದುಕೊಂಡಿರಬೇಕು, ಪಾಪ. ಅವರಿಗಿದ್ದದ್ದು ಹತ್ತು ನಿಮಿಷ, ಹೊರಗೆ ಇನ್ನೂ ಇಪ್ಪತ್ತು ಜನ.

ಅವತ್ತೇ ಕೀಮೋ ವಾರ್ಡಿನ ಸಿಸ್ಟರ್ ನನ್ನ ಫೋನಿಗೆ ಲಿಂಕ್ ಹಾಕಿಕೊಟ್ಟರು. "ಸರ್, ವಾರಕ್ಕೊಂದು ಸಲ ಇದನ್ನ ತುಂಬಿ. ಮಧ್ಯೆ ಏನಾದ್ರೂ ಜಾಸ್ತಿ ಆದ್ರೆ ಯಾವಾಗ ಬೇಕಾದ್ರೂ ತುಂಬಬಹುದು. ಜಾಸ್ತಿ ಇದೆ ಅಂತ ಬಂದ್ರೆ ನಮಗೆ ಮೆಸೇಜ್ ಬರುತ್ತೆ, ನಾವು ಫೋನ್ ಮಾಡ್ತೀವಿ" ಅಂದರು. ಇನ್ನೊಂದು ಮಾತೂ ಹೇಳಿದರು, ಜ್ವರದ ಬಗ್ಗೆ. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಥೆ ಆಮೇಲೆ.

ಮೊದಲ ಕೆಲವು ವಾರ ನಾನು ಮಾಡಿದ ತಪ್ಪು ಲೆಕ್ಕ ಬರೆಯುವವನ ತಪ್ಪು. ಸರಾಸರಿ ತೆಗೆದೆ. ಮೂರು ದಿನ ಓಕರಿಕೆ ತೀವ್ರ, ಎರಡು ದಿನ ಸ್ವಲ್ಪ, ಎರಡು ದಿನ ಇಲ್ಲವೇ ಇಲ್ಲ. ಹಾಗಾದರೆ ಒಟ್ಟು ಎಷ್ಟು? ಮಧ್ಯಮ ಅಂತ ಒತ್ತಿದೆ. ಅಷ್ಟೇ ಅಲ್ಲ, ಓಕರಿಕೆಗೂ ವಾಂತಿಗೂ ಬೇರೆ ಬೇರೆ ಪ್ರಶ್ನೆ ಇದ್ದದ್ದು ನೋಡಿ, ವಾಂತಿ ಆಗಿಲ್ಲವಲ್ಲ, ಹಾಗಾದರೆ ಓಕರಿಕೆ ಅಷ್ಟೇನೂ ಇರಲಿಲ್ಲ ಅಂತ ಇನ್ನೊಂದು ಮೆಟ್ಟಿಲು ಇಳಿಸಿದೆ. ಯಾರೂ ಫೋನ್ ಮಾಡಲಿಲ್ಲ. ಯಾಕೆ ಮಾಡುತ್ತಾರೆ?

ಮೂರನೇ ಸೈಕಲ್‌ಗೆ ಹೋದಾಗ ಸಿಸ್ಟರ್ ಟ್ಯಾಬ್‌ನಲ್ಲಿ ನನ್ನ ಉತ್ತರಗಳ ಗೆರೆಯನ್ನು ತೋರಿಸುತ್ತಾ "ನಿಮಗೆ ಓಕರಿಕೆ ಅಷ್ಟೇನೂ ಇಲ್ಲ ಅನ್ಸುತ್ತೆ ಸರ್" ಅಂದರು. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ಇಲ್ವಾ? ಶುಕ್ರವಾರದಿಂದ ಭಾನುವಾರದ ತನಕ ನೀರು ಕುಡಿಯೋಕೂ ಆಗ್ತಿರಲಿಲ್ಲ ಇವರಿಗೆ!" ಆಗ ಸಿಸ್ಟರ್ ಪ್ರಶ್ನೆಯನ್ನು ಮತ್ತೆ ಓದಿಸಿದರು. ಕಳೆದ 7 ದಿನಗಳಲ್ಲಿ ಓಕರಿಕೆ *ಅತಿ ಹೆಚ್ಚು ಇದ್ದಾಗ* ಎಷ್ಟಿತ್ತು? ಅತಿ ಹೆಚ್ಚು ಇದ್ದಾಗ. ನಾನು ಆ ಮೂರು ಪದ ಒಂದು ಸಲವೂ ಓದಿರಲಿಲ್ಲ. ಅಷ್ಟು ವರ್ಷ ಬೇರೆಯವರ ಫಾರ್ಮ್‌ನಲ್ಲಿ ತಪ್ಪು ಹುಡುಕಿದವನು!

ಈ ಪ್ರಶ್ನೆಗಳು ಯಾರೋ ಸುಮ್ನೆ ಕೂತು ಬರೆದದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮಾಡಿಸಿದ ಪಿಆರ್‌ಒ-ಸಿಟಿಸಿಎಇ ಅಂತ ಒಂದು ಪಟ್ಟಿ ಇದೆ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ಬಿಡಿ. ಅದರಲ್ಲಿ 78 ತೊಂದರೆಗಳು, ಅವಕ್ಕೆ 124 ಪ್ರಶ್ನೆಗಳು. ಆಸ್ಪತ್ರೆಯವರು ಅದರಿಂದ ತಮ್ಮ ರೋಗಿಗಳಿಗೆ ಬೇಕಾದಷ್ಟನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಅದಕ್ಕಿಂತ ಮುಂಚೆ ಔಷಧಿ ಪರೀಕ್ಷೆಗಳಲ್ಲಿ ರೋಗಿಗೆ ಓಕರಿಕೆ ಎಷ್ಟಿದೆ, ಸುಸ್ತು ಎಷ್ಟಿದೆ ಅನ್ನೋದನ್ನೂ ಡಾಕ್ಟರೇ ಅಂದಾಜು ಮಾಡಿ ಬರೆಯುತ್ತಿದ್ದರಂತೆ. ಯೋಚಿಸಿದರೆ ತಮಾಷೆ ಅನ್ನಿಸುತ್ತದೆ. ನನ್ನ ಹೊಟ್ಟೆ ತೊಳಸುವುದನ್ನು ಎದುರು ಕುರ್ಚಿಯವರು ಅಳೆಯೋದು. ಅವರ ಅಂದಾಜು ರೋಗಿ ಹೇಳುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಸರಿ, ನಾನೇ ಕಡಿಮೆ ಹೇಳಿದರೆ ಅವರು ಇನ್ನೆಷ್ಟು ಕಡಿಮೆ ಬರೆದಾರು?

ಮುಂದಿನ ಮಂಗಳವಾರ ಇದ್ದದ್ದು ಇದ್ದ ಹಾಗೆ ‘ತೀವ್ರ’ ಒತ್ತಿದೆ. ಒತ್ತುವಾಗ ಒಂಥರಾ ನಾಚಿಕೆ ಆಯಿತು, ಗೋಳಾಡಿಕೊಂಡ ಹಾಗೆ. ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. ಯಾವ ಮಾತ್ರೆ ಯಾವಾಗ ತಗೊಳ್ತಿದ್ದೀರಿ, ಓಕರಿಕೆ ಶುರುವಾದ ಮೇಲೆ ತಗೊಳ್ತಿದ್ದೀರಾ ಅಥವಾ ಮುಂಚೆಯೇನಾ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಾ, ಹೀಗೆ ಆರೇಳು ಪ್ರಶ್ನೆ. ಆಮೇಲೆ ಡಾಕ್ಟರನ್ನು ಕೇಳಿ ರಾತ್ರಿಗೆ ಒಲಾನ್ಜಪಿನ್ ಅನ್ನೋ ಸಣ್ಣ ಮಾತ್ರೆ ಸೇರಿಸಿದರು. ಮಗಳು ಅದರ ಹೆಸರು ಹುಡುಕಿ ನೋಡಿ ಗಾಬರಿಯಾದಳು, "ಅಪ್ಪಾ, ಇದು ಮಾನಸಿಕ ಕಾಯಿಲೆಗೆ ಕೊಡೋದು!" ನಿಜ, ಅದಕ್ಕೇ ಬಂದ ಔಷಧಿ. ಆದರೆ ಕಡಿಮೆ ಡೋಸ್‌ನಲ್ಲಿ ಕೀಮೋ ಓಕರಿಕೆಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಈಗ ಎಷ್ಟೋ ಕಡೆ ಕೊಡುತ್ತಾರೆ. ನನಗಂತೂ ನಿದ್ದೆಯೂ ಬಂತು, ಊಟವೂ ಸೇರಿತು. ಒಂದು ಗುಂಡಿ ಒತ್ತಿದ್ದಕ್ಕೆ! ಅದನ್ನು ಎರಡು ವಾರ ಮುಂಚೆಯೇ ಒತ್ತಬಹುದಿತ್ತು.

ಇಲ್ಲಿಗೆ ನಾನು ಫಾರ್ಮ್‌ನ ಭಕ್ತನಾದೆ. ಅದೇ ಅಪಾಯಕ್ಕೆ ಬಂತು.

ನಾಲ್ಕನೇ ಸೈಕಲ್ ಆಗಿ ಒಂಬತ್ತನೇ ದಿನ, ಶನಿವಾರ. ಸಂಜೆಯಿಂದ ಮೈ ಬೆಚ್ಚಗಿತ್ತು, ಚಳಿಯೂ ಇತ್ತು. ರಾತ್ರಿ ಹತ್ತಕ್ಕೆ ನೋಡಿದರೆ 38.4 ಡಿಗ್ರಿ, ಅಂದರೆ 101 ಫ್ಯಾರನ್‌ಹೀಟ್ ದಾಟಿತ್ತು. ನಾನು ಏನು ಮಾಡಿದೆ ಗೊತ್ತಾ? ಫಾರ್ಮ್ ತುಂಬಿದೆ. ಚಳಿ ನಡುಕ: ತೀವ್ರ. ಜ್ವರ: ಇದೆ. ಕಳಿಸಿದೆ. ‘ನಿಮ್ಮ ಉತ್ತರಗಳು ತಲುಪಿವೆ’ ಅಂತ ಬಂತು. ನೆಮ್ಮದಿಯಿಂದ ಫೋನ್ ಪಕ್ಕಕ್ಕಿಟ್ಟು, ಇನ್ನೇನು ಸಿಸ್ಟರ್ ಕರೆ ಮಾಡುತ್ತಾರೆ ಅಂತ ಕಾಯುತ್ತಾ ಮಲಗಿದೆ.

ಶನಿವಾರ ರಾತ್ರಿ ಹತ್ತು ಗಂಟೆಗೆ ಯಾವ ಸಿಸ್ಟರ್ ಕೂತು ಆ ಪರದೆ ನೋಡುತ್ತಿರುತ್ತಾರೆ? ಅದನ್ನು ನೋಡುವುದು ಸೋಮವಾರ ಬೆಳಿಗ್ಗೆ. ‘ತಲುಪಿವೆ’ ಅನ್ನೋದರ ಕೆಳಗೇ ಕೆಂಪು ಅಕ್ಷರದಲ್ಲಿ ಇತ್ತು: ಇದು ತುರ್ತು ಸೇವೆ ಅಲ್ಲ, 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ ತಕ್ಷಣ ಈ ನಂಬರಿಗೆ ಕರೆ ಮಾಡಿ. ಓದಲಿಲ್ಲ. ಸಿಸ್ಟರ್ ಮೊದಲ ದಿನ ಹೇಳಿದ್ದೂ ಇದನ್ನೇ. ಹನ್ನೊಂದೂವರೆಗೆ ಹೆಂಡತಿ ಹಣೆ ಮುಟ್ಟಿ ನೋಡಿ, "ಫೋನ್ ಮಾಡಿದ್ರಾ?" ಅಂತ ಕೇಳಿದಳು. "ಫಾರ್ಮ್ ಹಾಕಿದ್ದೀನಿ" ಅಂದೆ. ಅವಳು ಅದಕ್ಕೆ ಏನಂದಳು ಅಂತ ಇಲ್ಲಿ ಬರೆಯುವುದಿಲ್ಲ.

ಹನ್ನೆರಡೂವರೆಗೆ ಎಮರ್ಜೆನ್ಸಿಯಲ್ಲಿದ್ದೆವು. ಕೀಮೋ ಆಗಿ 7ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಅದರಲ್ಲಿ ಸೋಂಕಿನ ಜೊತೆ ಹೋರಾಡುವ ಕಣ ನ್ಯೂಟ್ರೋಫಿಲ್, ನನ್ನದು 500ಕ್ಕಿಂತ ಕೆಳಗಿತ್ತು. ಆ ಸ್ಥಿತಿಯಲ್ಲಿ ಸೋಂಕು ಆದರೆ ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹಬ್ಬಬಹುದು. ಹಾಗಾಗಿ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹಾಕಬೇಕು ಅನ್ನೋದು ನಿಯಮ. ಹಾಕಿದರು. ಐದು ದಿನ ಇಟ್ಟುಕೊಂಡರು. ಕಾಯುತ್ತಾ ಮಲಗಿದ ಆ ಒಂದೂವರೆ ಗಂಟೆ ಸೋಮವಾರದ ತನಕ ಎಳೆದಿದ್ದರೆ ಅಂತ ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ, ಆಮೇಲೆ ಬಿಡುತ್ತೇನೆ. ಈ ಫಾರ್ಮ್ ತುಂಬುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಉಳಿದದ್ದು ಮರೆತರೂ ಪರವಾಗಿಲ್ಲ (ನೋಡಿ, ಮತ್ತೆ ಬಂತು). ಜ್ವರಕ್ಕೆ ಫೋನ್. ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ, ರಕ್ತ ಹೋದರೆ ಫೋನ್. ಫಾರ್ಮ್ ಅಲ್ಲ.

ಇದಾದ ಮೇಲೆ ಮೂರು ನಾಲ್ಕು ವಾರ ಎಲ್ಲ ಸಲೀಸಾಗಿ ನಡೆಯಿತು. ಬಾಯಿಹುಣ್ಣಾದಾಗ ಒಂದು ಸಲ ‘ತೀವ್ರ’ ಅಂತ ಕಳಿಸಿದರೂ ಎರಡು ದಿನ ಯಾರೂ ಕರೆ ಮಾಡಲಿಲ್ಲ. ಆಮೇಲೆ ವಿಚಾರಿಸಿದರೆ ಆ ಸಿಸ್ಟರ್ ರಜೆಯಲ್ಲಿದ್ದರು, ಮೆಸೇಜ್ ಎಲ್ಲ ಅವರೊಬ್ಬರ ಹೆಸರಿಗೇ ಹೋಗುತ್ತಿತ್ತು. ಸಿಟ್ಟು ಬಂತು. ಮನೆಯಲ್ಲಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುತ್ತಾ ಗೊಣಗಿದೆ. ಎಷ್ಟು ಚಂದದ ಫಾರ್ಮ್ ಇದ್ದರೇನು, ಆ ಕಡೆ ಓದುವವರು ಇಲ್ಲದಿದ್ದರೆ ಬಾವಿಗೆ ಬಿದ್ದ ಕಾಗದ.

ಪಕ್ಕದ ಕುರ್ಚಿಗೆ ಬರುತ್ತಿದ್ದ ಎಪ್ಪತ್ತೈದು ದಾಟಿದ ಅಜ್ಜ ಒಬ್ಬರಿದ್ದರು. ಅವರ ಫೋನ್‌ನಲ್ಲಿ ಮಾತಾಡೋದು ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಅವರಿಗೆ ಸಿಸ್ಟರೇ ಟ್ಯಾಬ್ ಹಿಡಿದು ಪ್ರಶ್ನೆ ಓದಿ ಹೇಳುತ್ತಿದ್ದರು. ಅಜ್ಜ ಪ್ರತಿ ಪ್ರಶ್ನೆಗೂ ಒಂದೊಂದು ಕಥೆ ಹೇಳುತ್ತಿದ್ದರು. ಮಲಬದ್ಧತೆಯ ಬಗ್ಗೆ ಕೇಳಿದ್ದಕ್ಕೆ ಕಾಲು ಗಂಟೆ. ನಾವೆಲ್ಲ ನಗು ತಡೆದುಕೊಂಡು ಕೇಳುತ್ತಿದ್ದೆವು. ಆದರೆ ಒಂದು ಮಾತು, ಅವರ ಉತ್ತರದಲ್ಲಿ ‘ಪರವಾಗಿಲ್ಲ’ ಇರಲಿಲ್ಲ.

ಈಗ ನಾನು ಹೇಳಬೇಕಾದ ನಿಜವಾದ ವಿಷಯಕ್ಕೆ ಬರುತ್ತೇನೆ. ನಾನು ಸುಳ್ಳು ಲೆಕ್ಕ ಬರೆದದ್ದು.

ಆಕ್ಸಾಲಿಪ್ಲಾಟಿನ್‌ಗೆ ಒಂದು ವಿಚಿತ್ರ ಗುಣ ಇದೆ. ಅದು ಹೋದ ಮೇಲೆ ಕೆಲವು ದಿನ ತಣ್ಣಗಿರುವುದನ್ನು ಮುಟ್ಟಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ. ಫ್ರಿಜ್ ಬಾಗಿಲು ತೆಗೆದು ಒಳಗೆ ಕೈ ಹಾಕುವ ಹಾಗಿಲ್ಲ. ತಣ್ಣೀರು ಕುಡಿದರೆ ಗಂಟಲು ಬಿಗಿದು ಉಸಿರೇ ನಿಂತಂತೆ. ಅದು ನಾಲ್ಕೈದು ದಿನಕ್ಕೆ ಹೋಗುತ್ತದೆ. ಆದರೆ ಸೈಕಲ್ ಹೆಚ್ಚಾದ ಹಾಗೆ ಇನ್ನೊಂದು ಬರುತ್ತದೆ, ಅದು ಹೋಗುವುದಿಲ್ಲ. ಬೆರಳ ತುದಿ, ಕಾಲ್ಬೆರಳು ಜುಮ್ಮೆನ್ನುತ್ತಲೇ ಇರುತ್ತದೆ, ಆಮೇಲೆ ಮರಗಟ್ಟುತ್ತದೆ. ಔಷಧಿ ಒಟ್ಟು ಎಷ್ಟು ಹೋಯಿತು ಅನ್ನೋದರ ಮೇಲೆ ಅದು ಕೂಡುತ್ತಾ ಹೋಗುತ್ತದೆ. ಮೊದಲೇ ಡಾಕ್ಟರ್ ಹೇಳಿದ್ದರು, "ಜೋಮು ಉಳಿದುಕೊಂಡರೆ ಹೇಳಿ. ಡೋಸ್ ಕಡಿಮೆ ಮಾಡಬೇಕಾಗುತ್ತೆ, ಇಲ್ಲಾಂದ್ರೆ ನಿಲ್ಲಿಸಬೇಕಾಗುತ್ತೆ."

ನಿಲ್ಲಿಸಬೇಕಾಗುತ್ತೆ. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಹನ್ನೆರಡು ಅಂತ ಹೇಳಿದ್ದಾರೆ, ಹನ್ನೆರಡೂ ಆಗಬೇಕು. ಒಂದು ಕಡಿಮೆ ಆದರೂ ಒಳಗೆ ಎಲ್ಲೋ ಒಂದು ಕಣ ಉಳಿದುಕೊಂಡು, ಎರಡು ವರ್ಷ ಬಿಟ್ಟು ಬಾಗಿಲು ತಟ್ಟಿದರೆ? ಈ ಭಯ ಎಂಥದ್ದು ಅಂತ ಹೇಳಿದರೆ ಗೊತ್ತಾಗುವುದಿಲ್ಲ. ಕಾಯಿಲೆಗಿಂತ ಚಿಕಿತ್ಸೆ ನಿಲ್ಲುವುದಕ್ಕೇ ಹೆಚ್ಚು ಹೆದರಿಕೆ. ಹಾಗಾಗಿ ಆರನೇ ಸೈಕಲ್‌ನಿಂದ ನಾನು ಜೋಮಿಗೆ ‘ಸ್ವಲ್ಪ’ ಅಂತಲೇ ಒತ್ತಿದೆ. ಏಳಕ್ಕೂ ಸ್ವಲ್ಪ. ಎಂಟಕ್ಕೂ ಸ್ವಲ್ಪ.

ಇನ್ನೂ ನಾಚಿಕೆಗೇಡು ಅಂದರೆ, ಅಷ್ಟು ಹೊತ್ತಿಗೆ ನನಗೆ ಆ ಫಾರ್ಮ್‌ನ ಗುಟ್ಟು ಗೊತ್ತಾಗಿತ್ತು. ಯಾವುದಕ್ಕಾದರೂ ‘ತೀವ್ರ’ ಒತ್ತಿದರೆ ಫೋನ್ ಬರುತ್ತದೆ. ಹಿಂದಿನ ವಾರಕ್ಕಿಂತ ಎರಡು ಮೆಟ್ಟಿಲು ಮೇಲೆ ಹೋದರೂ ಬರುತ್ತದೆ. ಒಂದೊಂದೇ ಮೆಟ್ಟಿಲು ಹತ್ತಿದರೆ, ಅಥವಾ ನಿಂತಲ್ಲೇ ನಿಂತರೆ, ಬರುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಕಂಡುಕೊಂಡೆ. ಆಡಿಟ್‌ನವರಿಗೆ ಎಲ್ಲಿ ಕಣ್ಣು ಹೋಗುತ್ತದೆ ಅಂತ ಗೊತ್ತಿರುವವನು ಅಲ್ಲಿ ಮಾತ್ರ ಲೆಕ್ಕ ಚೊಕ್ಕವಾಗಿಟ್ಟ ಹಾಗೆ. ಅನುಮಾನ ಬರಬಾರದು ಅಂತ ಸುಸ್ತಿಗೆ ಒಮ್ಮೊಮ್ಮೆ ‘ಮಧ್ಯಮ’ ಹಾಕುತ್ತಿದ್ದೆ!

ಅಷ್ಟರಲ್ಲಿ ನಿಜವಾಗಿ ಆಗುತ್ತಿದ್ದದ್ದು ಏನು ಅಂದರೆ, ಕಾಗದ ತಿರುವಿದರೆ ಒಂದು ಹಾಳೆ ಬಂತೋ ಎರಡು ಬಂತೋ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣಿಂದ ನೋಡಿ ಎಣಿಸಬೇಕಿತ್ತು. ಜೇಬಿಗೆ ಕೈ ಹಾಕಿದರೆ ಬೀಗದ ಕೈ ಯಾವುದು, ನಾಣ್ಯ ಯಾವುದು ತಿಳಿಯುತ್ತಿರಲಿಲ್ಲ. ಒಂದು ದಿನ ನಡೆಯುತ್ತಾ ಅರ್ಧ ರಸ್ತೆ ಬಂದ ಮೇಲೆ ನೋಡುತ್ತೇನೆ, ಎಡಗಾಲಲ್ಲಿ ಚಪ್ಪಲಿಯೇ ಇಲ್ಲ. ಹಿಂದೆ ಎಲ್ಲೋ ಜಾರಿ ಬಿದ್ದಿತ್ತು. ವಾಪಸ್ ಹೋಗಿ ಹಾಕಿಕೊಂಡು ಬಂದೆ, ಮನೆಯಲ್ಲಿ ಹೇಳಲಿಲ್ಲ.

ಸಿಕ್ಕಿಹಾಕಿಕೊಂಡದ್ದು ಅಂಗಿಯ ಗುಂಡಿಯಿಂದ. ಎಂಟನೇ ಸೈಕಲ್ ಆದ ಮೇಲಿನ ಎರಡನೇ ಮಂಗಳವಾರ. ಎಲ್ಲಿಗೋ ಹೊರಟಿದ್ದೆವು. ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಗುಂಡಿ ಹಾಕೋಕೆ ಹೆಣಗುತ್ತಿದ್ದೆ. ಗುಂಡಿ ಬೆರಳಿಗೆ ಸಿಗುತ್ತಿತ್ತು, ಆದರೆ ಸಿಕ್ಕಿದೆ ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಬಂದು ಸುಮ್ಮನೆ ಒಂದೊಂದಾಗಿ ಹಾಕತೊಡಗಿದಳು. ಮೂರನೇ ಗುಂಡಿಗೆ ಬಂದಾಗ ಫೋನ್ ಟಿಣ್ ಅಂದಿತು. ಎಂಟು ಗಂಟೆ. ಕೈಯಲ್ಲೇ ಇದ್ದದ್ದರಿಂದ ಅಲ್ಲೇ ತುಂಬತೊಡಗಿದೆ, ಅಭ್ಯಾಸಬಲ. ಜೋಮು ಅತಿ ಹೆಚ್ಚು ಇದ್ದಾಗ ಎಷ್ಟಿತ್ತು? ಸ್ವಲ್ಪ. ಮುಂದಿನ ಪ್ರಶ್ನೆ: ಕೈಕಾಲು ಜೋಮು ಅಥವಾ ಮರಗಟ್ಟುವಿಕೆಯಿಂದ ನಿಮ್ಮ ದಿನನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಾಯಿತು? ಇದಕ್ಕೂ ಐದು ಉತ್ತರ. ನಾನು ‘ಏನೂ ಇಲ್ಲ’ ಅನ್ನೋದರ ಮೇಲೆ ಬೆರಳಿಟ್ಟೆ.

ಅವಳು ನಾಲ್ಕನೇ ಗುಂಡಿ ಹಿಡಿದವಳು ಹಾಗೇ ನಿಂತಳು. ಪರದೆ ಓದಿದ್ದಳು.

"ರೀ, ಇದನ್ನ ನಾನು ತುಂಬ್ಲಾ?"

ಅಷ್ಟೇ ಕೇಳಿದ್ದು. ಬೈದಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಫೋನ್ ಅವಳ ಕೈಗೆ ಕೊಟ್ಟೆ. ಹಿಂದಕ್ಕೆ ಹೋಗಿ ‘ಸ್ವಲ್ಪ’ ಅನ್ನೋದನ್ನು ‘ತೀವ್ರ’ ಮಾಡಿದಳು. ಅಡ್ಡಿ ಎಷ್ಟು ಅನ್ನೋದಕ್ಕೆ ನನ್ನನ್ನೇ ಕೇಳಿದಳು, ನಾನು "ಸಾಕಷ್ಟು" ಅಂದೆ. ಕಳಿಸಿದಳು. ಆಮೇಲೆ ನಾಲ್ಕನೇ ಗುಂಡಿ, ಐದನೇ ಗುಂಡಿ ಹಾಕಿದಳು.

ಈಗ ಯೋಚಿಸಿದರೆ ಆ ಎರಡನೇ ಪ್ರಶ್ನೆ ಸೇರಿಸಿದವರು ಬುದ್ಧಿವಂತರು. ‘ಎಷ್ಟಿದೆ’ ಅಂದರೆ ಮನುಷ್ಯ ತನಗೆ ಬೇಕಾದ ಹಾಗೆ ಹೇಳಬಹುದು. ‘ಏನು ಮಾಡೋಕೆ ಆಗ್ತಿಲ್ಲ’ ಅಂದರೆ ಸುಳ್ಳು ಹೇಳೋದು ಕಷ್ಟ. ಗುಂಡಿ ಎದುರಿಗೇ ಇರುತ್ತದೆ.

ಬುಧವಾರ ಸಿಸ್ಟರ್ ಕರೆ ಮಾಡಿದಾಗ ಎಲ್ಲ ಹೇಳಿಬಿಟ್ಟೆ, ಮೂರು ಸೈಕಲ್‌ನಿಂದ ಕಡಿಮೆ ಬರೆದದ್ದು, ಚಪ್ಪಲಿ, ಹಾಳೆ, ಎಲ್ಲ. ಬೈಸಿಕೊಳ್ಳೋಕೆ ತಯಾರಾಗಿದ್ದೆ. ಅವರು, "ಸುಮಾರು ಜನ ಹೀಗೇ ಮಾಡ್ತಾರೆ ಸರ್. ನಿಲ್ಲಿಸಿಬಿಡ್ತಾರೆ ಅಂತ ಹೆದರಿಕೆ ಅಲ್ವಾ?" ಅಂದರು. ನನಗೆ ಗಂಟಲು ಕಟ್ಟಿತು.

ಡಾಕ್ಟರ್ ನನ್ನ ಕಣ್ಣು ಮುಚ್ಚಿಸಿ ಬೆರಳುಗಳನ್ನು ಮುಟ್ಟಿ ನೋಡಿದರು, ಕಂಪಿಸುವ ಕವಲುಕಡ್ಡಿಯನ್ನು ಕಾಲ್ಬೆರಳಿಗೆ ಇಟ್ಟು ಗೊತ್ತಾಗುತ್ತಾ ಅಂತ ಕೇಳಿದರು. ಗೊತ್ತಾಗಲಿಲ್ಲ. ಆಕ್ಸಾಲಿಪ್ಲಾಟಿನ್ ನಿಲ್ಲಿಸಿದರು. ಉಳಿದ ನಾಲ್ಕು ಸೈಕಲ್ 5-ಎಫ್‌ಯು ಮಾತ್ರ ಮುಂದುವರಿಸೋಣ ಅಂದರು. ಅಂದರೆ ಹನ್ನೆರಡು ಹನ್ನೆರಡೇ! ನಾನು ಹೆದರಿದ್ದದ್ದು ಎಲ್ಲವನ್ನೂ ನಿಲ್ಲಿಸುತ್ತಾರೆ ಅಂತ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟುಕೊಳ್ಳಬಹುದು ಅಂತ ನಾನು ಕೇಳಿಯೇ ಇರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆಯೂ ಅವರು ಹೇಳಿದರು. ನನ್ನಂಥ ಮೂರನೇ ಹಂತದ ಕರುಳು ಕ್ಯಾನ್ಸರಿನ 12,834 ಜನ. ಅರ್ಧ ಜನಕ್ಕೆ 6 ತಿಂಗಳು, ಅರ್ಧ ಜನಕ್ಕೆ 3 ತಿಂಗಳು ಆಕ್ಸಾಲಿಪ್ಲಾಟಿನ್ ಇರುವ ಕೀಮೋ. 3 ತಿಂಗಳು ತೆಗೆದುಕೊಂಡವರಲ್ಲಿ ನರದ ತೊಂದರೆ ತೀರಾ ಕಡಿಮೆ. ಕಾಯಿಲೆ ಮರಳುವ ವಿಷಯದಲ್ಲಿ ಗಡ್ಡೆ ಎಷ್ಟು ಹರಡಿತ್ತು, ಯಾವ ಕೀಮೋ ಅನ್ನೋದರ ಮೇಲೆ ಸ್ವಲ್ಪ ವ್ಯತ್ಯಾಸ ಇದೆ, ಆದರೆ ನಾನು ಎಣಿಸಿದ್ದ ಹಾಗೆ ಒಂದು ಡೋಸ್ ತಪ್ಪಿದರೆ ಮುಗಿಯಿತು ಅನ್ನೋ ಹಾಗೆ ಇಲ್ಲವೇ ಇಲ್ಲ. "ಎಂಟು ಆಗಿದೆ ನಿಮಗೆ. ಆರಕ್ಕೇ ಹೇಳಿದ್ದರೆ ಡೋಸ್ ಇಳಿಸಿ ನೋಡಬಹುದಿತ್ತು" ಅಂದರು. ಧ್ವನಿ ಏರಿಸಲಿಲ್ಲ. ಆ ಮಾತು ಮಾತ್ರ ಇನ್ನೂ ಚುಚ್ಚುತ್ತದೆ, ಬೆರಳ ತುದಿಯಲ್ಲೇ.

ಆಮೇಲೆ ಪಂಪ್ ಕಟ್ಟಿಕೊಂಡು ಮಲಗಿದ್ದ ದಿನಗಳಲ್ಲಿ ಮಗಳ ಹತ್ತಿರ ಕೇಳಿ ಈ ಫಾರ್ಮ್ ತುಂಬಿಸುವ ಪದ್ಧತಿಯ ಬಗ್ಗೆ ಓದಿದೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 2007ರಿಂದ 2011ರ ನಡುವೆ ಈಥನ್ ಬ್ಯಾಶ್ ಅನ್ನೋ ಡಾಕ್ಟರ್ ಮತ್ತು ಅವರ ಜೊತೆಯವರು 766 ರೋಗಿಗಳನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡಿದ್ದರು. ಎಲ್ಲರದ್ದೂ ಹರಡಿದ ಕ್ಯಾನ್ಸರ್. ಕೆಲವರು 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸಬೇಕು, ಹೆಚ್ಚಾದರೆ ನರ್ಸ್‌ಗೆ ಇಮೇಲ್ ಹೋಗುತ್ತದೆ. ಉಳಿದವರಿಗೆ ಎಂದಿನ ಹಾಗೆ, ಡಾಕ್ಟರ್ ಕೇಳಿದಾಗ ಹೇಳೋದು. ದಾಖಲಿಸಿದವರಲ್ಲಿ ಒಂದು ವರ್ಷದಲ್ಲಿ ಎಮರ್ಜೆನ್ಸಿಗೆ ಹೋದವರು 34 ಶೇಕಡಾ, ಉಳಿದವರಲ್ಲಿ 41. 2017ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಬದುಕಿದ ಅವಧಿಯ ಮಧ್ಯಮಾನ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 31.2 ತಿಂಗಳು, ಇನ್ನೊಂದು ಗುಂಪಿನಲ್ಲಿ 26. ಆದರೆ ನಾನು ಎರಡು ಸಲ ಓದಿದ ಸಾಲು ಬೇರೆ. ದಾಖಲಿಸಿದವರು ಸರಾಸರಿ 8.2 ತಿಂಗಳು ಕೀಮೋದಲ್ಲಿ ಇದ್ದರು, ದಾಖಲಿಸದವರು 6.3 ತಿಂಗಳು. ಹೇಳಿಕೊಂಡವರಿಗೇ ಕೀಮೋ ಹೆಚ್ಚು ದಿನ ತಾಳಿಕೊಳ್ಳೋಕೆ ಆಯಿತು! ನಾನು ಮೂರು ಸೈಕಲ್ ಕಾಲ ನಂಬಿದ್ದದ್ದು ಸರಿಯಾಗಿ ಇದರ ತಿರುಗುಮುರುಗು.

ಮೊದಲಿನಿಂದ ಕಂಪ್ಯೂಟರ್ ಬಳಸಿ ಗೊತ್ತಿಲ್ಲದವರಿಗೇ ಆ ಅಧ್ಯಯನದಲ್ಲಿ ಲಾಭ ಹೆಚ್ಚು ಕಂಡಿತಂತೆ. ಪಕ್ಕದ ಕುರ್ಚಿಯ ಅಜ್ಜನಿಗೆ ಇದನ್ನು ಹೇಳಿದೆ. "ಅದಕ್ಕೇ ನಾನು ಕಲಿಯೋಕೆ ಹೋಗ್ಲಿಲ್ಲ" ಅಂದರು.

ಎಲ್ಲ ಹಾಲುಜೇನು ಅಂತಲೂ ಅಲ್ಲ. ಆಮೇಲೆ ಅಮೆರಿಕದ 52 ಕಡೆ, 1,191 ರೋಗಿಗಳ ಮೇಲೆ ಇದನ್ನೇ ದೊಡ್ಡದಾಗಿ ಮಾಡಿ ನೋಡಿದಾಗ ಬದುಕುವ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಮರ್ಜೆನ್ಸಿಗೆ ಹೋಗುವುದು ತಡವಾಯಿತು, ಓಡಾಡುವ ಶಕ್ತಿ, ತೊಂದರೆಗಳ ಹಿಡಿತ ಇವೆಲ್ಲ ಉತ್ತಮವಾಯಿತು. ನನಗೆ ಅಷ್ಟು ಸಾಕು. ನನಗೆ ಯಾರೂ ಇಷ್ಟು ವರ್ಷ ಅಂತ ಬರೆದುಕೊಟ್ಟಿಲ್ಲ, ಆದರೆ ಮೂರನೇ ಸೈಕಲ್‌ನ ವಾರ ಮತ್ತು ಒಲಾನ್ಜಪಿನ್ ಬಂದ ಮೇಲಿನ ವಾರ, ಈ ಎರಡರ ನಡುವಿನ ವ್ಯತ್ಯಾಸ ನನಗೆ ಗೊತ್ತು.

ಕಡೆಯ ನಾಲ್ಕು ಸೈಕಲ್ ಹೆಚ್ಚು ಗಲಾಟೆ ಇಲ್ಲದೆ ಮುಗಿಯಿತು. ಫಾರ್ಮ್ ನಾನೇ ತುಂಬುತ್ತಿದ್ದೆ, ಆದರೆ ಜೋಮಿನ ಎರಡು ಪ್ರಶ್ನೆ ಬಂದಾಗ ಹೆಂಡತಿಗೆ ಕೇಳಿಸುವ ಹಾಗೆ ಜೋರಾಗಿ ಓದುತ್ತಿದ್ದೆ. ಹನ್ನೆರಡನೆಯದು ಮುಗಿದು ಪಂಪ್ ಬಿಚ್ಚಿದ ಮೇಲೆ ಒಂದು ತಿಂಗಳು ಲಿಂಕ್ ಬಂತು. ಆಮೇಲೆ ನಿಂತಿತು. ಮಂಗಳವಾರ ಎಂಟು ಗಂಟೆಗೆ ಫೋನ್ ಸುಮ್ಮನಿತ್ತು. ಖುಷಿ ಆಗಬೇಕಿತ್ತು, ಅಲ್ವಾ? ಒಂಥರಾ ಬಿಕೋ ಅನ್ನಿಸಿತು.

ಅದಾಗಿ ಮೂರು ವಾರಕ್ಕೆ ಕಾಲಿನ ಜೋಮು ಹೆಚ್ಚಾಯಿತು. ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಕೆಲವು ತಿಂಗಳು ಹೀಗೆ ಏರುತ್ತಾ ಹೋಗಬಹುದು, ಬ್ರೇಕ್ ಹಾಕಿದ ಮೇಲೂ ಗಾಡಿ ಸ್ವಲ್ಪ ದೂರ ಉರುಳುವ ಹಾಗೆ. ಡಾಕ್ಟರ್ ಹೇಳಿದ್ದರು. ಈಗ ಬರೀ ಜೋಮಲ್ಲ, ರಾತ್ರಿ ಅಂಗಾಲಿನಲ್ಲಿ ಉರಿ. ಹೊದಿಕೆ ತಾಗಿದರೂ ಎಚ್ಚರ ಆಗುತ್ತಿತ್ತು. ಎರಡು ರಾತ್ರಿ ನೋಡಿದೆ. ಕೇಳೋಕೆ ಫಾರ್ಮ್ ಬರುವ ಹಾಗಿಲ್ಲ. ಮುಂದಿನ ಭೇಟಿಗೆ ಇನ್ನೂ ಐದು ವಾರ.

ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ನಾನೇ ವಾರ್ಡಿಗೆ ಫೋನ್ ಮಾಡಿದೆ. ಅದೇ ಸಿಸ್ಟರ್ ಎತ್ತಿಕೊಂಡರು. "ಓ, ಸರ್! ಹೇಗಿದ್ದೀರಿ?"

ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಅಂಗಾಲು ಉರಿ, ಅತಿ ಹೆಚ್ಚು ಇದ್ದಾಗ ತೀವ್ರ. ನಿದ್ದೆಗೆ ತುಂಬಾ ಅಡ್ಡಿ. ನಡೆಯೋಕೆ ಸ್ವಲ್ಪ ಅಡ್ಡಿ. ಗುಂಡಿ ಈಗ ನಾನೇ ಹಾಕ್ಕೋತೀನಿ, ಮೇಲಿನದೊಂದು ಬಿಟ್ಟು."

ಆ ಕಡೆ ಕೀಲಿಮಣೆ ಕುಟ್ಟುವ ಶಬ್ದ ಕೇಳಿಸಿತು. "ಉರಿಗೆ ಒಂದು ಮಾತ್ರೆ ಇದೆ, ಡುಲಾಕ್ಸೆಟಿನ್ ಅಂತ, ಡಾಕ್ಟ್ರು ನೋಡಿ ಕೊಡ್ತಾರೆ" ಅಂದರು. "ಗುರುವಾರ ಬರ್ತೀರಾ?"

ಗುರುವಾರ ಹೋದೆವು.